ಬ್ಲಾಸಮ್ ಶವರ್ ಗೆದ್ದ ಮೇಲೆ

ರಾಜೇಶ ಮನೆಯಲ್ಲಿಲ್ಲ ಎಂದು ಅವನ ಹೆಂಡತಿ ಅರುಣಾ ಹೇಳಿದಾಗ ನಾಗಶ್ರೀಗೆ ಪಿತ್ತ ನೆತ್ತಿಗೇರಿತು. ಅವನ ಗಂಬೂಟು ಬಾಗಿಲ ಪಕ್ಕದಲ್ಲೇ ಇತ್ತು, ಒಳಗಿನಿಂದ ಅವನ ಕೆಮ್ಮೂ ಕೇಳುತ್ತಿತ್ತು. ಸುಳ್ಳು ಹೇಳುವುದಕ್ಕಾದರೂ ಒಂದು ರೀತಿ ನೀತಿ ಬೇಡವೇ!

"ಅರುಣಾ, ನಾನು ಬೆಂಗಳೂರಿಂದ ಬಾಳೂರಿನವರೆಗೆ ಜೀಪು ಓಡಿಸ್ಕೊಂಡು ಬಂದಿದ್ದು ನಿನ್ನ ಬಾಗಿಲು ನೋಡಿ ಹೋಗೋಕಲ್ಲ ಮಾರಾಯ್ತಿ. ಕರಿ ಅವನನ್ನ."

ರಾಜೇಶ ಹೊರಗೆ ಬಂದ. ರೇಸ್‌ಕೋರ್ಸಿನ ಲಾಯದಲ್ಲಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ ಆಸಾಮಿ ಇವನೇ ಎಂದರೆ ಯಾರೂ ನಂಬುತ್ತಿರಲಿಲ್ಲ. ಗಡ್ಡ ಬಿಟ್ಟಿದ್ದ, ಕಣ್ಣು ಗುಳಿಬಿದ್ದಿದ್ದವು. ಅವಳ ಮುಖ ನೋಡದೆ ಜೀಪಿನ ಚಕ್ರ ನೋಡುತ್ತ ನಿಂತ.

"ಫೋನ್ ಎಂತಕ್ಕೆ ಆಫ್ ಮಾಡಿದ್ದು?"

"ಆನ್ ಮಾಡಿ ಯಾರ ಹತ್ರ ಮಾತಾಡ್ಲಿ ನಾಗಕ್ಕ?"

ಸಂಗತಿ ಇಷ್ಟು. ನಾಗಶ್ರೀ ಕುದುರೆಗಳನ್ನು ರೇಸಿಗೆ ತಯಾರು ಮಾಡುವ ಟ್ರೈನರ್. ಜಾವಳಿಯ ಕಾಫಿ ತೋಟದ ಆಳಿನ ಮಗಳು. ಸವಾರಿ ಕಲಿತು, ನಸುಕಿನಲ್ಲೆದ್ದು ಇನ್ನೊಬ್ಬರ ಕುದುರೆಗಳನ್ನು ಓಡಿಸಿ, ಬಿದ್ದು, ಭುಜ ಮುರಿದುಕೊಂಡು, ಗಂಡಸರ ಗೇಲಿಯನ್ನೆಲ್ಲ ಕೇಳಿಯೂ ಕೇಳದವಳ ಹಾಗೆ ಇದ್ದು, ಕೊನೆಗೆ ತನ್ನದೇ ಲೈಸೆನ್ಸು ಪಡೆದವಳು. ಅವಳ ಲಾಯದಲ್ಲಿ ಹೆಸರು ಹೇಳುವಂಥ ಕುದುರೆ ಒಂದೇ, ಬ್ಲಾಸಮ್ ಶವರ್. ಕಾಫಿಗಿಡ ಹೂವರಳಿಸುವ ಮಳೆಯ ಹೆಸರನ್ನು ಅದಕ್ಕಿಟ್ಟವರು ಮಾಲೀಕರಾದ ಚಂದ್ರಶೇಖರಪ್ಪ. ಅವರಿಗೆ ಮೂಡಿಗೆರೆಯಲ್ಲಿ ಅಂಗಡಿ, ಜಾವಳಿಯಲ್ಲಿ ತೋಟ. ನಾಗಶ್ರೀಯ ತಾಯಿ ಮರಿಯಮ್ಮ ಇವತ್ತಿಗೂ ದುಡಿಯುವುದು ಆ ತೋಟದಲ್ಲೇ. ರಾಜೇಶ ಆ ಹೆಣ್ಣುಕುದುರೆಯ ಸೈಸ್. ಅಂದರೆ ಅದರ ಮೈ ತಿಕ್ಕುವವನು, ಮೇವು ಬೇಯಿಸಿ ಹಾಕುವವನು, ಅದು ಕೆಮ್ಮಿದರೆ ತಾನೂ ಎದ್ದು ಕೂರುವವನು.

ಕಳೆದ ತಿಂಗಳು ಬ್ಲಾಸಮ್ ಶವರ್ ಗೆದ್ದಿತು. ಕೊನೆಯ ತಿರುವಿನವರೆಗೂ ಹಿಂದಿದ್ದದ್ದು ಒಮ್ಮೆಲೇ ಕತ್ತು ಚಾಚಿ, ಮುಂದಿದ್ದ ಕುದುರೆಗಳನ್ನೆಲ್ಲ ಹಿಂದೆ ಹಾಕಿ ಬಂತು. ನಾಗಶ್ರೀ ಕಟಕಟೆ ಹಿಡಿದುಕೊಂಡು ಕೂಗಿದ ಕೂಗಿಗೆ ಮರುದಿನ ಅವಳ ಗಂಟಲೇ ಕಟ್ಟಿತ್ತು. ಗೆದ್ದ ಕುದುರೆಯ ಮೂತ್ರ ಹಿಡಿದು ಪರೀಕ್ಷೆಗೆ ಕಳಿಸುವುದು ರೇಸಿನ ಪದ್ಧತಿ. ಸೈಸ್ ಪಕ್ಕದಲ್ಲಿ ನಿಂತು ಮೆಲ್ಲಗೆ ಸಿಳ್ಳೆ ಹಾಕುತ್ತಾನೆ, ಕುದುರೆ ಹೊಯ್ಯುತ್ತದೆ. ಅವತ್ತು ರಾಜೇಶನೇ ಸಿಳ್ಳೆ ಹಾಕಿ ಹಿಡಿಸಿಕೊಟ್ಟಿದ್ದ. ಆ ಮೂತ್ರದಲ್ಲಿ ಕೆಫೀನ್ ಸಿಕ್ಕಿತು. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್! ಹೊತ್ತು ಮೂಡಿದರೆ ಮನುಷ್ಯರು ಲೋಟಗಟ್ಟಲೆ ಕುಡಿಯುವ ಪದಾರ್ಥ ಓಡುವ ಕುದುರೆಯ ಮೈಯಲ್ಲಿ ಸಿಕ್ಕರೆ ಅದು ಮದ್ದು, ಅಪರಾಧ.

ಗೆಲುವು ವಾಪಸು ಹೋಯಿತು. ಲಾಯದೊಳಗೆ ಬಿಡುವ ರಾಜೇಶನ ಪಾಸು ಕಿತ್ತುಕೊಂಡರು. ಅವನು ಯಾರಿಗೂ ಹೇಳದೆ ಊರಿಗೆ ಬಂದು ಕೂತ. ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ, ರೇಸಿನ ತಪ್ಪುಒಪ್ಪು ತೀರ್ಮಾನಿಸುವ ಸ್ಟೂವರ್ಡ್‌ಗಳ ಮುಂದೆ ನಾಗಶ್ರೀಯ ವಿಚಾರಣೆ. ಕುದುರೆಯ ಹೊಟ್ಟೆಗೆ ಏನೇ ಹೋಗಲಿ, ಅದಕ್ಕೆ ಟ್ರೈನರೇ ಹೊಣೆ. ಅವಳಿಗೆ ತಿಳಿಯದ ಹಾಗೆ ತಾನು ಕೊಟ್ಟೆ ಎಂದು ಬೇರೊಬ್ಬರು ಬಂದು ಒಪ್ಪಿಕೊಂಡರೆ ಮಾತ್ರ ಲೈಸೆನ್ಸು ಉಳಿದರೂ ಉಳಿದೀತು ಎಂದು ತಿಳಿದವರು ಹೇಳಿದ್ದರು. ಇಲ್ಲದಿದ್ದರೆ ಇಷ್ಟು ವರ್ಷದ್ದೆಲ್ಲ ಮಣ್ಣುಪಾಲು.

ಆ ಬೇರೊಬ್ಬ ರಾಜೇಶನೇ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಬೇಕೆಂದು ಮಾಡಿದ್ದಾನೆ ಅಂತಲ್ಲ. ಬೆಲ್ಲದ ಕಾಫಿ ಇಲ್ಲದೆ ಕಣ್ಣು ಬಿಡದ ಮನುಷ್ಯ ಅವನು. ಬೆಳಿಗ್ಗೆ ಅವನು ಲೋಟ ಹಿಡಿದು ನಿಂತರೆ ಕುದುರೆ ಕತ್ತು ಚಾಚಿ ಅವನ ಕೈ ನೆಕ್ಕುತ್ತಿತ್ತು. ಅದನ್ನು ನೋಡಿ ಅವಳೇ ಎಷ್ಟೋ ಸಲ ನಕ್ಕಿದ್ದಳು.

"ನಾನು ಬಯ್ಯೋಕೆ ಬಂದಿಲ್ಲ," ಎಂದಳು. ಧ್ವನಿ ಮಾತ್ರ ಬಯ್ಯುವ ಹಾಗೇ ಇತ್ತು. "ಎಷ್ಟು ಕುಡಿಸ್ದೆ ಹೇಳು, ಸಾಕು."

"ಕುಡಿಸ್ಲಿಲ್ಲ ನಾಗಕ್ಕ. ಕಳಸೇಶ್ವರನ ಆಣೆ."

"ಕೈ ನೆಕ್ತಿರ್ಲಿಲ್ವಾ ಅದು?"

"ನೆಕ್ತಿತ್ತು."

"ಕೈಗೆ ಕಾಫಿ ಆಗಿರ್ತಿತ್ತೋ ಇಲ್ವೋ?"

"ಆಗಾಗ ಆಗಿರ್ತಿತ್ತು. ತುಳುಕ್ತದಲ್ಲ..."

"ರೇಸಿನ ದಿನ?"

"ನೆನಪಿಲ್ಲ."

"ನೆನಪು ಮಾಡ್ಕೊ. ಹಿಂದಿನ ದಿನ? ಅದರ ಹಿಂದಿನ ದಿನ? ಲೋಟದ ತಳದಲ್ಲಿ ಉಳಿದದ್ದನ್ನ ಬಕೆಟಿಗೆ ಚೆಲ್ತಿದ್ದೆ ಅಲ್ವಾ? ನಾನು ನೋಡಿದೀನಿ."

ನೋಡಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟಳು. ರಾಜೇಶ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಒಂದ್ಸಲ ನೆಕ್ಕಿದ್ರೆ ಅಷ್ಟೆಲ್ಲ ಆಗ್ತದಾ ಅಕ್ಕ?" ಬಾಗಿಲಲ್ಲಿ ನಿಂತಿದ್ದ ಅರುಣಾ ಕೇಳಿದಳು.

"ಎಷ್ಟು ಆಗ್ತದೆ ಅಂತ ನಿಂಗೆ ಗೊತ್ತಾ?" ನಾಗಶ್ರೀ ಗದರಿದಳು. ಎಷ್ಟಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ, ಆದರೆ ಗದರಿದ ಮೇಲೆ ಗೊತ್ತಿದ್ದವರ ಹಾಗೆ ನಿಲ್ಲಬೇಕಲ್ಲ.

ರಾಜೇಶ ಜಗಲಿಯ ಮೇಲೆ ಕುಸಿದು ಕೂತ. "ಹಂಗಾದ್ರೆ ನಾನೇನಾ? ನನ್ನ ಕೈಯಿಂದ್ಲೇ ಆಯ್ತಾ?"

"ಮತ್ತಿನ್ಯಾರು?"

ಅವನು ಬಲಗೈಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಎದ್ದು ಒಳಗೆ ಹೋಗಿ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಬ್ಯಾಗು ಹಿಡಿದು ಬಂದ. "ನಡೀರಿ. ನಾಳೆ ಬಂದು ಹೇಳ್ತೀನಿ," ಎಂದ. ಅರುಣಾ ಅವನನ್ನೂ ತಡೆಯಲಿಲ್ಲ, ನಾಗಶ್ರೀಗೆ ಹೋಗಿ ಬನ್ನಿ ಎಂದೂ ಹೇಳಲಿಲ್ಲ.

ಊಟ ಮಾಡಿಕೊಂಡು ಹೋಗಲೇಬೇಕೆಂದು ತಾಯಿ ಫೋನಿನಲ್ಲೇ ಅಪ್ಪಣೆ ಮಾಡಿದ್ದರಿಂದ ನಾಗಶ್ರೀ ಜೀಪನ್ನು ಜಾವಳಿಯ ತೋಟಕ್ಕೆ ತಿರುಗಿಸಿದಳು. ಮನಸ್ಸು ಹಗುರಾಗಿತ್ತು. ಹಗುರಾಯಿತಲ್ಲ ಎಂದು ಕೊಂಚ ನಾಚಿಕೆಯೂ ಆಗಿತ್ತು, ಇಲ್ಲವೆನ್ನಲಾಗದು.

ಕಾಫಿ ಕೊಯ್ಲು ಜೋರಾಗಿದ್ದ ಕಾಲ. ಸಿಮೆಂಟಿನ ಕಣದ ತುಂಬ ಹಣ್ಣು ಹರವಿದ್ದರು. ಕೆಲವು ಇನ್ನೂ ಕೆಂಪು, ಕೆಲವು ಒಣಗಿ ಕಪ್ಪಗಾಗಿ ಕಾಲಿಟ್ಟಲ್ಲೆಲ್ಲ ಗರಗರ ಎನ್ನುತ್ತಿದ್ದವು. ಆ ಕಣದ ಬಿಸಿಲು ಮೂಲೆಯೊಂದನ್ನು ಆಳುಗಳಿಗೆ ಬಿಟ್ಟುಕೊಡುವುದು ಅಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಅವರ ಹಪ್ಪಳ, ಮೆಣಸಿನಕಾಯಿ, ಕಾಳು ಎಲ್ಲ ಒಣಗುವುದು ಅಲ್ಲೇ. ಮರಿಯಮ್ಮ ಆ ಮೂಲೆಯಲ್ಲಿ ಹುರುಳಿ ಹರಡಿಕೊಂಡು, ಕಾಫಿ ಎಳೆಯುವ ಮರದ ಹಲಗೆಯಿಂದಲೇ ಅದನ್ನು ಎಳೆದು ಗುಪ್ಪೆ ಹಾಕುತ್ತಿದ್ದಳು.

"ಬಂದ್ಯಾ ಮಗಾ? ರಾಜೇಶ, ನೀನೂ ಬಂದ್ಯಾ! ಒಳಗೆ ರೊಟ್ಟಿ ಇಟ್ಟಿದೀನಿ, ತಿನ್ನು ಹೋಗು. ಎಷ್ಟು ಬಡವಾಗಿದೀಯಪ್ಪ!"

ರಾಜೇಶ ತಲೆ ತಗ್ಗಿಸಿಕೊಂಡು ಮನೆಯ ಕಡೆ ಹೋದ. ಮರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಈ ಸಲದ ಹುರುಳಿ ನೋಡು ಹೆಂಗಿದೆ. ಶವರಮ್ಮನಿಗೆ ಅಂತಲೇ ಕಡೂರು ಸಂತೆಯಿಂದ ತರಿಸಿದ್ದು. ಒಂದು ಮೂಟೆ ಹಾಕ್ಕೊಂಡು ಹೋಗು," ಎಂದಳು.

ಮನೆಯಿಂದ ಹುರುಳಿ ತರಿಸುವ ಏರ್ಪಾಡು ನಾಗಶ್ರೀಯದೇ. ಪೇಟೆಯ ಹುರುಳಿಯನ್ನು ಬ್ಲಾಸಮ್ ಶವರ್ ಮೂಸಿಯೂ ನೋಡುತ್ತಿರಲಿಲ್ಲ. ಅಮ್ಮ ಕಳಿಸಿದ್ದನ್ನು ಬಕೆಟಿನ ತಳ ಹೊಳೆಯುವ ಹಾಗೆ ತಿನ್ನುತ್ತಿತ್ತು. ನಮ್ಮ ಕಡೆಯ ಕಾಳಿನ ರುಚಿಯೇ ಬೇರೆ ಎಂದು ಅವಳು ಲಾಯದವರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದಳು.

ಹಾಗೇ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು. ಅಂಗೈಯಲ್ಲಿ ಉಜ್ಜಿ ಊದಿದಳು. ಕಾಳಿನ ನಡುವೆ ಕಂದು ಬಣ್ಣದ ಚೂರುಗಳು ಉಳಿದವು. ಹುರುಳಿಯ ಬಣ್ಣ, ಒಣಗಿದ ಕಾಫಿ ಸಿಪ್ಪೆಯ ಬಣ್ಣ, ಎರಡೂ ಒಂದೇ. ಬೆರಳಿನಿಂದ ಬಿಡಿಸಿ ನೋಡಿದರೆ ಸಿಪ್ಪೆ. ಒಡೆದ ಬೀಜದ ನುಚ್ಚು. ಮತ್ತೆ ಸಿಪ್ಪೆ.

ಇನ್ನೊಂದು ಹಿಡಿ ತೆಗೆದಳು, ಅದರಲ್ಲೂ ಅದೇ.

"ಅಮ್ಮ, ಹಿಂದಿನ ಸಲ ಕಳಿಸಿದ್ದನ್ನ ಎಲ್ಲಿ ಒಣಗಿಸಿದ್ದೆ?"

"ಇಲ್ಲೇ, ಇನ್ನೆಲ್ಲಿ? ಮನೆ ಅಂಗಳದಲ್ಲಿ ಬಿಸಿಲೆಲ್ಲಿ ಬೀಳ್ತದೆ?"

"ಕೇರಿದ್ಯಾ?"

"ಎಂತ ಹಿಂಗೆ ಕೇಳ್ತೀಯ? ಮೊರದಲ್ಲಿ ಕೇರಿದೀನಿ ಮಾರಾಯ್ತಿ. ಒಂದೊಂದು ಚೂರು ಇದ್ರೆ ಇರ್ತದೆ. ಕುದುರೆ ಏನು ಕಲ್ಲು ಆರಿಸ್ಕೊಂಡು ತಿನ್ತದಾ?"

ಮೂಟೆ ಕಟ್ಟಲು ಇಟ್ಟಿದ್ದ ಗೋಣಿಯೂ ಕಾಫಿ ತುಂಬಿದ್ದ ಗೋಣಿಯೇ. ನಾಗಶ್ರೀ ಅದರೊಳಗೆ ಮುಖವಿಟ್ಟು ಮೂಸಿದಳು. ಬೆಂಗಳೂರಿನಲ್ಲಿ ಪ್ರತಿ ಸಲ ಮೂಟೆ ಬಿಚ್ಚಿದಾಗಲೂ ಇದೇ ವಾಸನೆ ಬರುತ್ತಿತ್ತು. ಊರು ನೆನಪಾಗಿ ಖುಷಿಯಾಗುತ್ತಿತ್ತು. ಥತ್, ಇಷ್ಟು ದಿನ ಮೂಗು ಎಲ್ಲಿಟ್ಟಿದ್ದೆ ಎಂದು ತನ್ನ ಮೇಲೇ ಸಿಟ್ಟು ಬಂತು. ರಾಜೇಶ ಅವಳು ಹೇಳಿಕೊಟ್ಟ ಹಾಗೆ ಹುರುಳಿಯನ್ನು ಹಂಡೆಯಲ್ಲಿ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಿದ್ದ. ಬೆಂದ ನೀರಲ್ಲೇ ಸತ್ವ ಇರುವುದು, ಒಂದು ತೊಟ್ಟೂ ಚೆಲ್ಲಬೇಡ ಎಂದು ತಾಕೀತು ಮಾಡಿದ್ದವಳೂ ಅವಳೇ. ದಿನಾ ಬೆಳಿಗ್ಗೆ ಸಂಜೆ ಆ ಕುದುರೆಗೆ ಅವಳು ಕೈಯಾರೆ ಡಿಕಾಕ್ಷನ್ ಕುಡಿಸಿದ್ದಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಚಂದ್ರಶೇಖರಪ್ಪನವರು. ಅವಳು ಗೋದಾಮಿನ ಹಿಂದಕ್ಕೆ ಹೋದಳು.

"ಏನಮ್ಮ, ಒಪ್ಪಿದ್ನಾ ಅವನು?"

"ಒಪ್ಪಿದಾನೆ."

"ಸದ್ಯ! ನಾಳೆ ಅಲ್ಲಿ ಬಂದು ತಡವರಿಸ್ದೆ ಹೇಳಿದ್ರೆ ಆಯ್ತು. ದಾರಿಯಲ್ಲಿ ಚೆನ್ನಾಗಿ ಹೇಳ್ಕೊಡು."

"ಸಾಹುಕಾರ್ರೇ, ಅವನಲ್ಲ," ಎಂದಳು. "ನಮ್ಮಮ್ಮ ಕಳಿಸೋ ಹುರುಳಿಯಲ್ಲಿ ಕಾಫಿ ಸಿಪ್ಪೆ ಸೇರ್ಕೊಂಡಿದೆ. ನಿಮ್ಮ ಕಣದ್ದೇ. ಈಗ ನೋಡ್ದೆ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಇದು ಯಾರ್‍ಯಾರಿಗೆ ಗೊತ್ತು?"

"ನಂಗೊಬ್ಬಳಿಗೇ."

"ಹಾಗಾದ್ರೆ ಅಲ್ಲಿಗೇ ಬಿಡು. ನೋಡಮ್ಮ, ಹುರುಳಿ ತರಿಸಿದ್ದು ನೀನು, ಬೇಯಿಸು ಅಂದಿದ್ದು ನೀನು. ಇದನ್ನ ಹೇಳಿದ್ರೆ ನಿನ್ನ ಲೈಸೆನ್ಸು ಉಳಿಯಲ್ಲ. ರಾಜೇಶನಿಗೆ ನಾನು ತೋಟದಲ್ಲಿ ಕೆಲಸ ಕೊಡ್ತೀನಿ, ಮನೆ ಕೊಡ್ತೀನಿ, ಅವನೇನು ಬೀದಿಗೆ ಬೀಳಲ್ಲ. ನೀನು ಬಿದ್ರೆ ನಿನ್ನನ್ನ ಎತ್ತೋರು ಯಾರು? ಒಂದು ಹೆಣ್ಣುಮಗಳು ಇಷ್ಟು ದೂರ ಬಂದಿದೀಯ, ಯೋಚನೆ ಮಾಡು."

ಚಂದ್ರಶೇಖರಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವಳಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ನಾಲ್ಕು ಮಾತು ಬಯ್ದು ಫೋನಿಡಬಹುದಿತ್ತು. ಅವರು ಆಡಿದ್ದು ಅವಳದೇ ಮನಸ್ಸಿನ ಮಾತು. "ಆಯ್ತು," ಎಂದು ಫೋನಿಟ್ಟಳು.

ಮರಿಯಮ್ಮ ಅಷ್ಟರಲ್ಲಿ ಮೂಟೆ ಹೊಲಿದು ಜೀಪಿನ ಹಿಂದೆ ಹಾಕಿಸಿದ್ದಳು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ನಾಗಶ್ರೀ ಏನೂ ಹೇಳದೆ ಸ್ಟೀರಿಂಗ್ ಹಿಡಿದಳು. ರಾಜೇಶ ಪಕ್ಕದಲ್ಲಿ ಬಂದು ಕೂತ. ರೊಟ್ಟಿ ಮುಟ್ಟಿರಲಿಲ್ಲವಂತೆ. ಮರಿಯಮ್ಮ ಅದನ್ನು ಬಾಳೆಲೆಯಲ್ಲಿ ಸುತ್ತಿ ಅವನ ಮಡಿಲಿಗೆ ಹಾಕಿ, "ದಾರಿಯಲ್ಲಾದ್ರೂ ತಿನ್ನಪ್ಪ," ಎಂದಳು.

ರಸ್ತೆ ತೋಟಗಳ ನಡುವೆ ಸುತ್ತಿ ಸುತ್ತಿ ಏರುತ್ತಿತ್ತು. ಬಾಳೂರು ಹಿಂದಾಯಿತು. ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಹೇಳಿಬಿಡಬೇಕು ಎಂದುಕೊಂಡಳು. ಮರುಕ್ಷಣವೇ, ಹೇಳಿ ಯಾರಿಗೇನು ಉಪಕಾರ ಎಂದುಕೊಂಡಳು. ಲೈಸೆನ್ಸಿಲ್ಲದ ನಾಗಶ್ರೀ ಎಂದರೆ ಏನು? ಮತ್ತೆ ಇನ್ನೊಬ್ಬರ ಕುದುರೆ ಓಡಿಸುವುದೇ? ಮುರಿದ ಭುಜಕ್ಕೆ ಅದೂ ಆಗದು. ತೋಟಕ್ಕೆ ಬಂದು ಅಮ್ಮನ ಪಕ್ಕದಲ್ಲಿ ಹಣ್ಣು ಕೊಯ್ಯುವುದೇ? ಗೇಲಿ ಮಾಡುತ್ತಿದ್ದ ಆ ಗಂಡಸರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ಹಲ್ಲು ಕಿರಿದವು.

"ನಾಗಕ್ಕ, ಹಿಂಗೆ ಹೇಳ್ಲಾ?" ರಾಜೇಶ ಗಂಟಲು ಸರಿಮಾಡಿಕೊಂಡ. "ಬೆಳಿಗ್ಗೆ ನಾನು ಕಾಫಿ ಕುಡೀತಿದ್ದೆ ಸಾರ್, ಕುದುರೆ ಕೈ ನೆಕ್ಕಿತು, ನಾನು ತಡೀಲಿಲ್ಲ, ಮೇಡಂಗೆ ಗೊತ್ತಿರ್ಲಿಲ್ಲ. ಸಾಕಾ?"

ಅವಳು ಗೇರು ಬದಲಿಸಿದಳು.

"ಲೋಟದಲ್ಲಿ ಉಳಿದಿದ್ದನ್ನ ಬಕೆಟಿಗೆ ಚೆಲ್ತಿದ್ದೆ ಅಂತಾನೂ ಹೇಳ್ತೀನಿ. ನೀವು ನೋಡಿದೀರಲ್ಲ. ನನಗೆ ಮಾತ್ರ ಎಷ್ಟು ಯೋಚನೆ ಮಾಡಿದ್ರೂ ನೆನಪಿಗೆ ಬರ್ತಿಲ್ಲ. ಆದ್ರೆ ನೀವು ಸುಳ್ಳು ಹೇಳ್ತೀರಾ?"

"ಸುಮ್ನಿರು ಸ್ವಲ್ಪ ಹೊತ್ತು," ಎಂದಳು.

ಅವನು ಹೊರಗಿನ ತೋಟದ ಕಡೆ ತಿರುಗಿದ. ಒಂದೆರಡು ತಿರುವು ಕಳೆದ ಮೇಲೆ ಮತ್ತೆ ಶುರುಮಾಡಿದ. ಈಗ ಸ್ಟೂವರ್ಡ್‌ಗಳಿಗೆ ಹೇಳುವ ಧ್ವನಿಯಲ್ಲಲ್ಲ.

"ಗೆದ್ದ ದಿನ ಅದು ಮಲಗ್ಲೇ ಇಲ್ಲ ಅಕ್ಕ. ನಿಂತೇ ಇತ್ತು. ಮೈಯೆಲ್ಲ ನಡುಕ. ಗೆದ್ದ ಖುಷಿ ಅಂದ್ಕೊಂಡು ನಾನು ಕತ್ತು ತಬ್ಕೊಂಡು ಕುಣಿದೆ. ಎದೆ ಹೊಡ್ಕೋತಿತ್ತೇನೋ ಪಾಪ. ಬಾಯಿಲ್ಲದ ಪ್ರಾಣಿ, ಎಂತ ಹೇಳ್ತದೆ? ಸತ್ತೇ ಹೋಗಿದ್ರೆ?" ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಪಾಸು ವಾಪಸ್ ಕೊಡಿ ಅಂತ ನಾನು ಕೇಳಲ್ಲ. ಕೊಡಬಾರ್ದು. ನನ್ನಂಥವನನ್ನ ಕುದುರೆ ಹತ್ರ ಬಿಡಲೇಬಾರ್ದು."

ನಾಗಶ್ರೀ ಬ್ರೇಕ್ ಒತ್ತಿದ ರಭಸಕ್ಕೆ ಬಾಳೆಲೆಯ ಪೊಟ್ಟಣ ಅವನ ಮಡಿಲಿಂದ ಕೆಳಗೆ ಬಿತ್ತು. ಹಿಂದೆ ಬರುತ್ತಿದ್ದ ಪಿಕಪ್‌ನವನು ಹಾರ್ನ್ ಹೊಡೆದು ಬಯ್ಯುತ್ತ ಮುಂದೆ ಹೋದ. ಅವಳು ಜೀಪನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅವನ ಕಡೆ ತಿರುಗದೆಯೇ ಹೇಳಿದಳು.

"ನೀನಲ್ಲ ರಾಜೇಶ."

"ಹಾಂ?"

"ಹಿಂದೆ ಮೂಟೆ ಇದೆ, ಬಿಚ್ಚಿ ನೋಡು. ಹುರುಳಿ ಕಾಫಿ ಕಣದಲ್ಲಿ ಒಣಗಿದ್ದು. ತುಂಬ ಸಿಪ್ಪೆ, ನುಚ್ಚು. ನೀನು ಅದನ್ನ ಬೇಯಿಸಿ ಹಾಕಿದ್ದು ನಾನು ಹೇಳಿದೆ ಅಂತ. ತಪ್ಪು ನನ್ನದು. ಬಕೆಟಿಗೆ ಚೆಲ್ಲಿದ್ದನ್ನ ನೋಡ್ದೆ ಅಂದಿದ್ದೂ ಸುಳ್ಳು."

ಅವನು ಇಳಿದು ಹಿಂದಕ್ಕೆ ಹೋದ. ಮೂಟೆಯ ಹೊಲಿಗೆ ಹರಿಯುವ ಸದ್ದು ಕೇಳಿತು. ಅವಳು ಇಳಿದು ಹೋಗಿ ನೋಡಿದಾಗ ಅವನು ಎರಡು ಕೈಯಲ್ಲೂ ಹುರುಳಿ ತುಂಬಿಕೊಂಡು ಮೂಸುತ್ತಿದ್ದ.

"ನಾನಲ್ಲ," ಎಂದ, ತನಗೆ ತಾನೇ. ಆಮೇಲೆ ಗಟ್ಟಿಯಾಗಿ, "ನಾನಲ್ಲ!"

ಕೈಯಲ್ಲಿದ್ದದ್ದನ್ನು ಅಲ್ಲೇ ಸುರಿದು ಫೋನು ತೆಗೆದ. ಸಿಗ್ನಲ್ ಇರಲಿಲ್ಲ. ರಸ್ತೆಯ ದಿಬ್ಬ ಹತ್ತಿ ಗುಡ್ಡದ ಮೇಲಕ್ಕೆ ಓಡಿದ. ಮೇಲಿನಿಂದ ಅವನ ಕೂಗು ಕೇಳಿತು. "ಅರುಣಾ, ನಾನಲ್ಲ ಕಣೇ! ಹೌದು! ನನ್ನ ಕೈಯಿಂದ ಅಲ್ಲ! ನಾಗಕ್ಕನೇ ಹೇಳಿದ್ರು!" ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯುವಂತಿರಲಿಲ್ಲ. ಕುದುರೆ ಗೆದ್ದ ದಿನವೂ ಅವನು ಹೀಗೆ ಕೂಗಿರಲಿಲ್ಲ. ನಾಗಶ್ರೀ ಜೀಪಿಗೆ ಒರಗಿ ನಿಂತು ಕೇಳಿಸಿಕೊಂಡಳು. ನಾಳೆ ತನ್ನ ಲೈಸೆನ್ಸು ಹೋಗುತ್ತದೆ ಎಂಬುದು ಆಗ ಅವಳಿಗೆ ಖಂಡಿತವಾಯಿತು. ಆದರೂ ಹೇಳಿದೆನಲ್ಲ, ಇನ್ನು ಇವನಾದರೂ ನನ್ನ ಜೊತೆ ನಿಲ್ಲುತ್ತಾನೆ ಎಂದು ಸಣ್ಣದೊಂದು ಸಮಾಧಾನ ಮಾಡಿಕೊಂಡಳು.

ರಾಜೇಶ ಕಣ್ಣೊರೆಸಿಕೊಳ್ಳುತ್ತ ಇಳಿದು ಬಂದ. ಜೀಪು ಹತ್ತಲು ಬಾಗಿಲು ಹಿಡಿದವನು ಹಾಗೇ ನಿಂತ.

"ನಿಮಗೆ ಯಾವಾಗ ಗೊತ್ತಾಯ್ತು ನಾಗಕ್ಕ?"

ಸುಳ್ಳು ಹೇಳಬಹುದಿತ್ತು. "ಜಾವಳಿಯಲ್ಲಿ," ಎಂದಳು.

"ಜಾವಳಿಯಲ್ಲಾ?" ಅವನು ಬಂದ ದಾರಿಯನ್ನು ತಿರುಗಿ ನೋಡಿದ. "ಅಂದ್ರೆ ನಾನು ಅಷ್ಟೆಲ್ಲ ಹೇಳ್ತಿರುವಾಗ... ಅದು ಸತ್ತೇ ಹೋಗಿದ್ರೆ ಅಂತ ನಾನು ಅಳ್ತಿರುವಾಗ, ನೀವು ಗೊತ್ತಿದ್ದೂ ಕೇಳ್ತಾ ಕೂತಿದ್ರಿ."

"ಹೂಂ," ಎಂದಳು.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳು ಕಾಲು ಹಿಡಿದಾದರೂ ಮಾತಾಡುತ್ತಿದ್ದಳು. ಒಳಗೆ ಬಗ್ಗಿ ತನ್ನ ಬ್ಯಾಗು ತೆಗೆದುಕೊಂಡ. ಕೆಳಗೆ ಬಿದ್ದಿದ್ದ ರೊಟ್ಟಿಯ ಪೊಟ್ಟಣವನ್ನು ಎತ್ತಿ ಸೀಟಿನ ಮೇಲಿಟ್ಟ. "ಶವರ್‌ಗೆ ಹೊಸ ಸೈಸ್ ಬಂದ್ರೆ ಹೇಳಿ, ಅದರ ಎಡಗಿವಿ ಮುಟ್ಟಬಾರ್ದು, ಗಾಬರಿ ಬೀಳ್ತದೆ," ಎಂದಷ್ಟೇ ಹೇಳಿ ರಸ್ತೆಯ ಆಚೆ ಬದಿಗೆ ದಾಟಿ ಹೋದ. ಕಳಸದ ಕಡೆಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದ. ಬಸ್ಸು ನಿಂತಿತು, ಹತ್ತಿದ. ಒಂದು ಸಲವೂ ತಿರುಗಿ ನೋಡಲಿಲ್ಲ.

ನಾಗಶ್ರೀ ಮೂಟೆಯ ಹರಿದ ಬಾಯಿಯನ್ನು ಒಂದು ಹಗ್ಗದಲ್ಲಿ ಬಿಗಿದಳು. ನಾಳೆ ಸ್ಟೂವರ್ಡ್‌ಗಳ ಮೇಜಿನ ಮುಂದೆ ಇದನ್ನು ಅವಳೊಬ್ಬಳೇ ಬಿಚ್ಚಿ ತೋರಿಸಬೇಕಿತ್ತು. ಜೀಪು ಸ್ಟಾರ್ಟ್ ಮಾಡಿ ಮೂಡಿಗೆರೆಯ ಮೇಲಿನ ಬೆಂಗಳೂರಿನ ದಾರಿ ಹಿಡಿದಳು.